ನಕ್ಷೆಯಲ್ಲಿ ಗುಣವಾದ ಚಾಳ

ಮನೆಯಲ್ಲಿ ಯಾರಿಗಾದರೂ ಜ್ವರ ಏರಿದರೆ ಬೆಳವಲಪುರದವರು ಮೊದಲು ಹುಡುಕುವುದು ಡಾಕ್ಟರನ್ನಲ್ಲ, ಡಾಕ್ಟರಿಗೆ ಫೋನು ಮಾಡಿ ಹೇಳಬಲ್ಲವನನ್ನು. ಹಾಸಿಗೆ ಕೊಡಿಸುವವರು ಯಾರು, ಇಂಜೆಕ್ಷನ್ ತರಿಸುವವರು ಯಾರು ಎಂದು ವಿಚಾರಿಸುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಚುನಾವಣೆ ಹತ್ತಿರವಿದ್ದರೆ ಆ ತೊಂದರೆಯೂ ಇಲ್ಲ. ಅಂಥವರು ತಾವಾಗಿಯೇ ನಮ್ಮ ಮೊಬೈಲಿನೊಳಗೆ ಬಂದು ಕೈಮುಗಿದು ನಿಂತಿರುತ್ತಾರೆ.

ಡಾ. ಕಸ್ತೂರಿ ಬಡಿಗೇರ ತನ್ನ ಯಂತ್ರವನ್ನು ಕಟ್ಟಿದ್ದು ಈ ಒಂದು ಸಂಗತಿಯ ಮೇಲೆ. ಅದರ ಸರಕಾರಿ ಹೆಸರು ಎರಡು ಸಾಲು ಉದ್ದವಿತ್ತು, ಹಾಗಾಗಿ ಊರಿನ ರೋಗ ನಿಗಾ ಕೇಂದ್ರದಲ್ಲಿ ಎಲ್ಲರೂ ಅದನ್ನು ‘ಬಲೆ’ ಎನ್ನುತ್ತಿದ್ದರು. ಯಾವ ಅಭ್ಯರ್ಥಿಯ ಮೊಬೈಲ್ ಗುಂಪಿಗೆ ಯಾವ ಓಣಿಯಿಂದ ಎಷ್ಟು ಜನ ಸೇರಿದರು, ಯಾರ ಮೂಲಕ ಸೇರಿದರು, ಎಷ್ಟು ಜನ ಬಿಟ್ಟುಹೋದರು, ಬಲೆ ನೋಡುತ್ತಿದ್ದದ್ದು ಇಷ್ಟನ್ನೇ. ಹೆಸರು, ಮಾತು, ಫೋಟೋ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಅಭ್ಯರ್ಥಿಗಳು ಅಭಿಮಾನಿ ಬಳಗ, ಗೆಳೆಯರ ಬಳಗ ಎಂದು ಹತ್ತಾರು ವೇಷದಲ್ಲಿ ಗುಂಪು ನಡೆಸುವುದರಿಂದ, ಮತಪತ್ರದಲ್ಲಿರುವ ಯಾವ ಹೆಸರಿನ ಗುಂಪು ಎಲ್ಲಿ ಹುಟ್ಟಿದರೂ ಅದು ತಾನೇ ಹಿಡಿದುಕೊಳ್ಳುತ್ತಿತ್ತು.

ಸುಖದ ಕಾಲದಲ್ಲಿ ಇಂಥ ಜಾಲಗಳು ಜಾತಿ, ಮಠ, ಕ್ರಿಕೆಟ್ ತಂಡಗಳನ್ನು ಹಿಡಿದು ಹಬ್ಬುತ್ತವೆ. ರೋಗ ಬಂದಾಗ ದಾರಿ ಬದಲಿಸುತ್ತವೆ. ಅಪ್ಪನ ಕಾಲದಿಂದ ಒಂದೇ ಪಕ್ಷದ ಬಾವುಟ ಹಿಡಿದವನೂ, ಹಾಸಿಗೆ ಸಿಗುತ್ತದೆಂದರೆ ನಾಚಿಕೆ ಬಿಟ್ಟು ಎದುರು ಪಕ್ಷದ ಗುಂಪಿಗೆ ಸೇರುತ್ತಾನೆ. ಜಾಲದ ಗಂಟುಗಳು ಕಾರ್ಯಕರ್ತರ ಕೈಯಿಂದ ಜಾರಿ ಔಷಧ ಅಂಗಡಿಯವನಿಗೆ, ಆಟೋ ಸ್ಟ್ಯಾಂಡಿಗೆ, ಹೆರಿಗೆ ಆಸ್ಪತ್ರೆಯ ಆಯಾಗೆ ಬಂದು ಬೀಳುತ್ತವೆ. ಈ ತಿರುವು ಆಸ್ಪತ್ರೆಯ ಲೆಕ್ಕಕ್ಕಿಂತ ಮೂರು ದಿನ ಮೊದಲೇ ಕಾಣುತ್ತದೆ ಎಂಬುದು ಕಸ್ತೂರಿ ಕಂಡುಕೊಂಡ ಸತ್ಯ. ಜನ ಸೇರತೊಡಗಿದರೆ ನಕ್ಷೆಯಲ್ಲಿ ಓಣಿ ಕೆಂಪಾಗುತ್ತದೆ, ಬಿಡತೊಡಗಿದರೆ ಬಿಳಿ. ಕೆಲಸವಾದ ಮೇಲೆ ದಿನವಿಡೀ ಅಭ್ಯರ್ಥಿಯ ಮುಖ ನೋಡುತ್ತ ಯಾರು ಕೂತಿರುತ್ತಾರೆ? ಹಿಂದಿನ ಎರಡು ಸಾಂಕ್ರಾಮಿಕಗಳಲ್ಲೂ ಗುಣವಾದ ಮನೆಯವರು ವಾರದೊಳಗೆ ಗುಂಪು ಬಿಟ್ಟಿದ್ದರು.

ಈ ಸಲ ಬಂದದ್ದು ಮಳ್ಳಜ್ವರ. ಹೆಸರು ಜನ ಇಟ್ಟದ್ದು, ಸರಿಯಾಗಿಯೇ ಇಟ್ಟಿದ್ದರು. ಮೂರು ದಿನ ಸುಡುತ್ತದೆ, ನಾಲ್ಕನೇ ದಿನ ಏನೂ ಅರಿಯದ ಹಾಗೆ ಇಳಿಯುತ್ತದೆ. ಮಗು ಎದ್ದು ತಿನ್ನಲು ಕೇಳುತ್ತದೆ, ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ಐದನೇ ದಿನ ರಕ್ತದೊತ್ತಡ ಕುಸಿದು ಕೈಕಾಲು ತಣ್ಣಗಾಗುತ್ತವೆ. ಅಷ್ಟರೊಳಗೆ ಸಲೈನ್ ಏರಿಸಿದರೆ ಬಹುತೇಕ ಎಲ್ಲರೂ ಬದುಕುತ್ತಾರೆ. ತಡವಾದರೆ ಉಳಿಯುವವರು ಕಡಿಮೆ. ಸಲೈನ್ ಇದ್ದದ್ದು ಆರು ಸಂಚಾರಿ ಶಿಬಿರಗಳ ಡೇರೆಗಳಲ್ಲಿ, ಊರಿನಲ್ಲಿದ್ದ ಓಣಿಗಳು ಇನ್ನೂರಕ್ಕೂ ಹೆಚ್ಚು. ಅದೇ ಹೊತ್ತಿಗೆ ಉಪಚುನಾವಣೆ ಬಂದು ನೀತಿಸಂಹಿತೆ ಜಾರಿಯಾಯಿತು. ಒಬ್ಬ ಅಧಿಕಾರಿ ಒಂದು ಓಣಿಗೆ ಶಿಬಿರ ಕಳಿಸಿದರೆ ಉಳಿದ ಪಕ್ಷಗಳು ಅದು ಮತದಾರರಿಗೆ ಕೊಟ್ಟ ಆಮಿಷ ಎಂದು ಕೋರ್ಟಿಗೆ ಹೋಗುತ್ತವೆ. ಆದ್ದರಿಂದ ಶಿಬಿರಗಳನ್ನು ಬಲೆ ಮಾತ್ರ ಸರಿಸಬೇಕು, ಮನುಷ್ಯರ ಕೈ ಸೋಕಬಾರದು, ಅದು ಹೇಗೆ ನಿರ್ಧರಿಸುತ್ತದೆ ಎಂಬುದು ಹೊರಗೆ ತಿಳಿಯಬಾರದು ಎಂದು ಚುನಾವಣಾ ಆಯೋಗ ಆದೇಶಿಸಿತು.

ಆ ಬೆಳಿಗ್ಗೆ ನಿಗಾ ಕೇಂದ್ರದ ಗೋಡೆಯ ಮೇಲಿನ ನಕ್ಷೆಯಲ್ಲಿ ಗಿರಣಿ ಚಾಳ ಬೆಳ್ಳಗೆ ಹೊಳೆಯುತ್ತಿತ್ತು. ಎರಡು ದಿನದ ಹಿಂದೆ ಅದು ರಕ್ತದ ಹಾಗೆ ಕೆಂಪಾಗಿತ್ತು.

“ಭಾಳ ಚಲೋ ಆತು ಮೇಡಂ, ನಿಮ್ಮ ಚಾಳ ಗುಣ ಆತು,” ಎಂದು ನೋಡಲ್ ಅಧಿಕಾರಿ ವಿಠ್ಠಲ ಕಟಗೇರಿ ನಕ್ಕರು. ಕಸ್ತೂರಿ ಹುಟ್ಟಿ ಬೆಳೆದದ್ದು ಅದೇ ಚಾಳದಲ್ಲಿ ಎಂದು ಅವರಿಗೆ ಗೊತ್ತಿತ್ತು. “ಅಲ್ಲಿಂದ ಡೇರೆ ತಗಿಯಾಕ ಬಲೆ ಆದೇಶ ಕೊಟ್ಟೈತಿ. ಆಗಲೇ ಗಾಡಿ ಬಿಟ್ಟಾವ.”

ಕಸ್ತೂರಿಗೆ ನಗು ಬರಲಿಲ್ಲ. ರೋಗ ಮನೆಯಿಂದ ಮನೆಗೆ ಕಾಲೆಳೆಯುತ್ತ ಹೋಗುತ್ತದೆ, ಹೀಗೆ ಒಂದೇ ಸಂಜೆ ಇಡೀ ಚಾಳದಿಂದ ಎದ್ದು ಹೋಗುವುದಿಲ್ಲ. ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಎತ್ತಲಿಲ್ಲ. ಕಸ್ತೂರಿ ಸ್ಕೂಟರಿನ ಕೀಲಿ ತೆಗೆದುಕೊಂಡು ಹೊರಬಿದ್ದಳು.

ಮುಚ್ಚಿದ ಹತ್ತಿಗಿರಣಿಯ ಬೆನ್ನಿಗೆ ಅಂಟಿಕೊಂಡ ಎರಡು ಸಾಲು ಮನೆಗಳೇ ಗಿರಣಿ ಚಾಳ. ನಡುವಿನ ಬಯಲಿನಲ್ಲಿ ಡೇರೆ ಕಿತ್ತ ಗೂಟಗಳ ಕುಳಿ ಇನ್ನೂ ಹಸಿಯಾಗಿದ್ದವು. ಅಕ್ಕ ಶಿವಗಂಗಾ ಬಾಗಿಲಲ್ಲೇ ಹೊಲಿಗೆಯಂತ್ರ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದಳು. ಅವಳ ಒಂಬತ್ತು ವರ್ಷದ ಮಗಳು ತುಂಗಾ ಪಕ್ಕದಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದಳು.

“ಇಕಿಗೆ ಜ್ವರ ಇತ್ತೇನಕ್ಕ?”

“ಇತ್ತು. ನಿನ್ನಿಯಿಂದ ಇಳದೈತಿ. ಡೇರೆದಾಗಿನ ಡಾಕ್ಟರು ಇವತ್ತು ಸಲೈನ್ ಹಚ್ಚತೀನಿ ಅಂದಿದ್ರು. ಮುಂಜಾನೆ ನೋಡಿದ್ರ ಡೇರೇನss ಇಲ್ಲ. ಹುಡುಗಿ ಆರಾಮಾಗ್ಯಾಳ, ಹೋಗ್ಲಿ ಬಿಡು ಅಂದೆ.”

ಕಸ್ತೂರಿ ತುಂಗಾಳ ಕೈ ಹಿಡಿದು ನೋಡಿದಳು. ಇನ್ನೂ ಬೆಚ್ಚಗಿತ್ತು. ನಾಡಿ ಮಾತ್ರ ಅವಸರದಲ್ಲಿ ಓಡುತ್ತಿತ್ತು. “ಚಾಳದಾಗ ಎಷ್ಟು ಮಂದಿಗೆ ಹಿಂಗ ಇಳದೈತಿ?”

“ಹನ್ನೊಂದು ಹನ್ನೆರಡು ಹುಡುಗರಿಗೆ. ದಸ್ತಗೀರಣ್ಣನ ರಿಹಾನ್ ಸೇರಿ. ಯಾಕ ಹಂಗ ನೋಡಾಕತ್ತಿ?”

“ನೀವೆಲ್ಲಾ ಮೊಬೈಲಿನಾಗ ಏನು ಮಾಡಿದ್ರಿ?”

ಶಿವಗಂಗಾ ಯಂತ್ರ ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟಳು. ಅವಳಿಗೆ ಇದು ಅಭಿಮಾನದ ವಿಷಯ. “ಬಿಟ್ವಿ. ಎಲ್ಲಾರ ಗುಂಪೂ ಬಿಟ್ವಿ. ಪ್ರತಿ ಇಲೆಕ್ಷನ್ನಿಗೂ ಕುಡಿಯೂ ನೀರಿನ ಪೈಪ್ ಬದ್ಲಿ ಮಾಡ್ತೀವಿ ಅಂತಾರ. ಗಟಾರದ ನೀರು ಕುಡದು ಕುಡದು ನಮ್ಮ ಹೊಟ್ಟಿಗೆ ರೂಢಿ ಆಗೈತಿ, ಇವ್ರ ಮಾತು ಮಾತ್ರ ಇನ್ನೂ ರೂಢಿ ಆಗಿಲ್ಲ. ಮೊನ್ನೆ ಸಂಜಿಮುಂದ ಗುಡಿ ಮುಂದ ಕೂಡಿ ದೇವ್ರ ಅರಿಷಿಣ ಭಂಡಾರ ಮುಟ್ಟಿ ಆಣಿ ಮಾಡಿದ್ವಿ. ಯಾವ ಅಭ್ಯರ್ಥಿಗೂ ಓಟಿಲ್ಲ, ಯಾವ ಅಭ್ಯರ್ಥಿ ಗುಂಪಿನಾಗೂ ಇರೂದಿಲ್ಲ. ದಸ್ತಗೀರಣ್ಣ ಮಗನ ತಲಿ ಮುಟ್ಟಿ ಆಣಿ ಮಾಡಿದ. ನಿಂತ ಜಾಗಾದಾಗss ಎಲ್ಲಾರೂ ಹೊರಗ ಬಂದ್ವಿ.”

ಕಸ್ತೂರಿಗೆ ಈಗ ಅರ್ಥವಾಯಿತು. ಚಾಳ ಸಿಟ್ಟಾಗಿತ್ತು, ಅಷ್ಟೆ. ಸಿಟ್ಟಾದವರು ಹೊರಟುಹೋಗುವುದಕ್ಕೂ ಗುಣವಾದವರು ಹೊರಟುಹೋಗುವುದಕ್ಕೂ ಬಲೆಗೆ ವ್ಯತ್ಯಾಸವೇ ತಿಳಿದಿರಲಿಲ್ಲ. ಅವಳೂ ಕಲಿಸಿರಲಿಲ್ಲ.

ನಿಗಾ ಕೇಂದ್ರಕ್ಕೆ ಮರಳಿ ಕಸ್ತೂರಿ ಹೇಳಿದ್ದನ್ನೆಲ್ಲ ಕಟಗೇರಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ನನಗ ತಿಳೀತದ ಮೇಡಂ. ಆದ್ರ ನಾ ಹ್ಯಾಂಗ ಸರಸ್ಲಿ? ಮನುಷ್ಯಾರ ಕೈ ಸೋಕಬಾರದು ಅಂತ ಆಯೋಗದ ಮುಂದ ಕುಂತು ವಾದ ಮಾಡಿದವರು ನೀವss.”

“ಹೌದು ಸರ್. ಈಗ ನಾನೇ ಹೇಳಾಕತ್ತೀನಿ, ಅದು ತಪ್ಪು ಓದೈತಿ.”

“ಓದಿರಬಹುದು. ನಾ ಒಂದು ಡೇರೆ ಕೈಯಾರೆ ಸರಿಸಿದೆ ಅನ್ನೂದು ಗೊತ್ತಾತಂದ್ರ ಸಂಜಿಯೊಳಗ ತಡೆಯಾಜ್ಞೆ ತರ್ತಾರ. ಆರೂ ಡೇರೆ ನಿಂತುಬಿಡ್ತಾವ. ಆಗ ಇಡೀ ಊರಿಗೆ ಯಾರು ಉತ್ತರ ಕೊಡೂದು?”

ಅವರು ಕೆಟ್ಟವರಾಗಿದ್ದರೆ ಕಸ್ತೂರಿ ಕೂಗಾಡಬಹುದಿತ್ತು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಅವಳನ್ನು ಉರಿಸಿತು. ಆಯೋಗಕ್ಕೆ ಬರೆದರೆ ಉತ್ತರ ಬರಲು ಎರಡು ದಿನ ಬೇಕು. ಆಸ್ಪತ್ರೆಯ ಲೆಕ್ಕ ಕೇಂದ್ರಕ್ಕೆ ತಲುಪಲು ಮೂರು ದಿನ. ತುಂಗಾಳಿಗೆ ಉಳಿದಿದ್ದದ್ದು ಈ ಒಂದು ದಿನ.

ಕಟಗೇರಿ ದನಿ ತಗ್ಗಿಸಿದರು. “ಜಿಲ್ಲಾ ಆಸ್ಪತ್ರೆ ವರಾಂಡಾದಾಗೂ ಜಾಗ ಇಲ್ಲ. ಆದ್ರೂ ನಮ್ಮ ಸಿಬ್ಬಂದಿಗೆ ಅಂತ ಒಂದು ಹಾಸಿಗಿ ಐತಿ. ನಿಮ್ಮ ಅಕ್ಕನ ಮಗಳನ್ನ ಕರ್ಕೊಂಡ್ ಬರ್ರಿ. ಆಂಬುಲೆನ್ಸ್ ತಗೊಂಡ್ ಹೋಗ್ರಿ. ಇಷ್ಟss ನನ್ನ ಕೈಯಾಗ ಇರೂದು.”

ಕಸ್ತೂರಿ ಬೇಡವೆನ್ನಲಿಲ್ಲ. ಆ ಕ್ಷಣದಲ್ಲಿ ಅವಳಿಗೆ ತುಂಗಾಳ ಮುಖವೊಂದೇ ಕಾಣುತ್ತಿತ್ತು.

ಆಂಬುಲೆನ್ಸ್ ಚಾಳದ ಬಾಗಿಲಿಗೆ ಬಂದಾಗ ಅಲ್ಲಿ ಆಗಲೇ ಒಂದು ದೊಡ್ಡ ಕಾರು ನಿಂತಿತ್ತು. ಅಭ್ಯರ್ಥಿ ಸಂಗಪ್ಪ ಯಲಿಗಾರ ಬಯಲಿನ ನಡುವೆ ನಿಂತು ಕೈಮುಗಿಯುತ್ತಿದ್ದರು.

“ನೋಡ್ರಿ, ನೀವು ನನ್ನ ಗುಂಪು ಬಿಟ್ರಿ, ಡೇರೆ ಹೋತು. ನಾ ಆರೋಗ್ಯ ಇಲಾಖೆಗೆ ಹೇಳಿ ಹಾಕಿಸಿದ್ದೆ. ತಿರುಗಿ ಸೇರ್ರಿ, ನಾಳೆ ಮುಂಜಾನಿಗೆ ಡೇರೆ ಇಲ್ಲಿರ್ತದ.”

ಪಾಪ, ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಫೋನು ಮಾಡಿದ್ದಕ್ಕೇ ಶಿಬಿರಗಳು ಬರುತ್ತವೆಂದು ಅವರು ಮನಸಾರೆ ನಂಬಿದ್ದರು. ಎದುರು ಪಕ್ಷದವರೂ ಹಾಗೆಯೇ ನಂಬಿದ್ದರು. ಶಿವಗಂಗಾ ಅವರ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: “ಪೈಪ್ ಹಾಕಸ್ರಿ ಮೊದಲ. ಆಮ್ಯಾಲ ಡೇರೆ ಮಾತು.”

ಅಷ್ಟರಲ್ಲಿ ಕೆಳಸಾಲಿನ ಕೊನೆಯ ಮನೆಯಿಂದ ಕಿರುಚಾಟ ಕೇಳಿಸಿತು. ಆಟೋ ಓಡಿಸುವ ದಸ್ತಗೀರ ಏಳು ವರ್ಷದ ಮಗನನ್ನು ಎದೆಗವಚಿಕೊಂಡು ಓಡಿಬಂದ. ರಿಹಾನನ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು, ಕಾಲು ಜೋತಾಡುತ್ತಿದ್ದವು.

ಆಂಬುಲೆನ್ಸಿನಲ್ಲಿದ್ದ ಹಾಸಿಗೆ ಒಂದೇ, ಆಸ್ಪತ್ರೆಯಲ್ಲಿ ಕಾದಿದ್ದದ್ದೂ ಒಂದೇ. ಕಸ್ತೂರಿ ಅಕ್ಕನ ಮುಖ ನೋಡಿದಳು. ಆ ಹಾಸಿಗೆ ಯಾರಿಗೆಂದು ಬಂದದ್ದು ಎಂದು ಅವಳು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ. ಶಿವಗಂಗಾ ಒಳಗೆ ಮಲಗಿದ್ದ ಮಗಳ ಕಡೆ ಒಮ್ಮೆ ತಿರುಗಿದಳು. ತುಂಗಾ ಚುರುಮುರಿಯ ತಟ್ಟೆ ಸರಿಸಿ ಗೋಡೆಗೆ ಮುಖಮಾಡಿದ್ದಳು.

“ಹತ್ತು ದಸ್ತಗೀರಣ್ಣ, ಹತ್ತು. ಏನ್ ನೋಡ್ತಿ?” ಎಂದಳು ಶಿವಗಂಗಾ.

ಆಂಬುಲೆನ್ಸ್ ಹೋದ ಮೇಲೆ ಶಿವಗಂಗಾ ಮನೆಯೊಳಗೆ ಹೋಗಿ ಮಗಳ ಅಂಗಾಲು ಮುಟ್ಟಿದಳು. ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು. “ಕಸ್ತೂರಿ, ಕಾಲು ತಣ್ಣಗ ಆಗಾಕತ್ತಾವ. ಏನರ ಮಾಡ.”

ಆಗ ಕಸ್ತೂರಿ ಗುಟ್ಟು ಹೊರಹಾಕಿದಳು. ಆಯೋಗಕ್ಕೆ ಕೊಟ್ಟ ಮಾತು, ತನ್ನ ಕೆಲಸ, ಎಲ್ಲವೂ ಹೋಗುತ್ತವೆಂದು ಗೊತ್ತಿದ್ದೇ ಹೊರಹಾಕಿದಳು. ಯಲಿಗಾರರ ಕಾರು ಹೋಗುವವರೆಗೆ ಮಾತ್ರ ಕಾದಳು. ಡೇರೆ ಯಾರ ಮಾತಿಗೂ ಬರುವುದಿಲ್ಲ, ಒಂದು ಯಂತ್ರ ಹೇಳಿದಲ್ಲಿಗೆ ಬರುತ್ತದೆ, ಆ ಯಂತ್ರ ನೋಡುವುದು ಯಾರು ಯಾವ ಗುಂಪು ಸೇರಿದರು ಎಂಬುದನ್ನು. “ಯಾರದರ ಒಂದು ಗುಂಪಿಗೆ ಸೇರ್ರಿ. ಯಲಿಗಾರದ್ದು ಬ್ಯಾಡ ಅಂದ್ರ ಅವರ ಎದುರಿನವರದು. ನಿಮ್ಮ ಕಾಲಿಗೆ ಬೀಳ್ತೀನಿ.”

ಯಾರೂ ಮೊಬೈಲು ತೆಗೆಯಲಿಲ್ಲ. ಹಟದಿಂದಲ್ಲ, ಭಯದಿಂದ. ಭಂಡಾರ ಮುಟ್ಟಿ ಕೊಟ್ಟ ಮಾತು ಮುರಿದರೆ ಅದು ಮಕ್ಕಳ ಮೇಲೆಯೇ ಬರುತ್ತದೆಂದು ಚಾಳದ ತಾಯಂದಿರು ನಂಬಿದ್ದರು. ದಸ್ತಗೀರನ ಹೆಂಡತಿ ನೂರಜಹಾನ್ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. “ಮಗನ ತಲಿ ಮ್ಯಾಲ ಆಣಿ ಮಾಡ್ಯಾರ್ರೀ ಅವ್ರು. ಈಗ ನಾ ಸೇರಿದ್ರ ಅವನಿಗೆ ಏನಾಗ್ತದೋ?”

“ಅದೆಲ್ಲಾ ಸುಳ್ಳು,” ಎಂದಳು ಕಸ್ತೂರಿ ಸಿಟ್ಟಿನಿಂದ. “ಯಾವ ಅಭ್ಯರ್ಥಿಗೂ ಓಟಿಲ್ಲ ಅಂತ ಮನ್ಯಾಗ ಕುಂಡ್ರೂದರಿಂದ ಯಾರಿಗೇನು ಲಾಭ?”

“ಮನ್ಯಾಗ ಕುಂಡ್ರತೀವಿ ಅಂತ ಯಾರು ಹೇಳಿದ್ರು?” ಶಿವಗಂಗಾ ಅಷ್ಟೇ ಸಿಟ್ಟಿನಿಂದ ತಿರುಗಿಬಿದ್ದಳು. “ಎಲ್ಲಾರೂ ಸಾಲು ಹಚ್ಚಿ ಹೋಗಿ ಕಡೀ ಗುಂಡಿ ಒತ್ತತೀವಿ. ನೋಟಾ. ಲೆಕ್ಕಾ ಆಗ್ಲಿ ನಮ್ಮದೂ.”

ಕಸ್ತೂರಿಗೆ ಥಟ್ಟನೆ ಮತಪತ್ರ ನೆನಪಾಯಿತು. ಆಯೋಗ ಕೊಟ್ಟ ಮತಪತ್ರದ ಸಾಲುಗಳನ್ನು ಬಲೆಗೆ ಇದ್ದ ಹಾಗೆಯೇ ಉಣಿಸಲಾಗಿತ್ತು. ಕೊನೆಯ ಸಾಲನ್ನು ಅಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬಲೆಯ ಮಟ್ಟಿಗೆ ನೋಟಾ ಕೂಡ ಒಬ್ಬ ಅಭ್ಯರ್ಥಿ, ಈವರೆಗೆ ಒಬ್ಬ ಹಿಂಬಾಲಕನೂ ಇಲ್ಲದ ಬಡಪಾಯಿ.

“ಅಕ್ಕಾ, ನೋಟಾ ಹೆಸರಿಲೆ ಒಂದು ಗುಂಪು ಮಾಡ. ಈಗss ಮಾಡ. ಅದು ಯಾವ ಅಭ್ಯರ್ಥಿದೂ ಅಲ್ಲ, ಆಣಿ ಮುರಿಯಂಗಿಲ್ಲ. ಮನಿಮನಿಯಿಂದ ಎಲ್ಲಾರೂ ಸೇರ್ರಿ.”

ಶಿವಗಂಗಾ ತಂಗಿಯನ್ನು ಒಮ್ಮೆ ನೋಡಿ ಮೊಬೈಲು ಕೈಗೆತ್ತಿಕೊಂಡಳು. ಮೊದಲು ಸೇರಿದವಳು ನೂರಜಹಾನ್.

ನಿಗಾ ಕೇಂದ್ರದಲ್ಲಿ ಕಸ್ತೂರಿ ಎರಡೂ ಕೈಗಳನ್ನು ಮಡಿಚಿಕೊಂಡು ಗೋಡೆಗೊರಗಿ ನಿಂತಳು. ಕೀಲಿಮಣೆಯ ಹತ್ತಿರಕ್ಕೂ ಹೋಗಲಿಲ್ಲ. ಗಿರಣಿ ಚಾಳ ಇನ್ನೂ ಬಿಳಿಯಾಗಿಯೇ ಇತ್ತು. ಮೊದಲ ಕೆಲವು ಸೇರಿಕೆಗಳನ್ನು ಬಲೆ ನಂಬುವುದಿಲ್ಲ, ಕಿಡಿಗೇಡಿಗಳ ಆಟವೆಂದು ತಳ್ಳಿಹಾಕುತ್ತದೆ. ಅದನ್ನು ಹಾಗೆ ರೂಪಿಸಿದವಳೂ ಅವಳೇ. ಮಧ್ಯಾಹ್ನದ ಊಟಕ್ಕೆ ಎದ್ದವರು ಮರಳಿ ಬಂದು ಕೂತರು. ಚಾಳದ ಮೇಲೆ ಎಳೆಯ ಹಳದಿ ಮೂಡಿತು. ಮತ್ತೆ ಮಾಸಿತು. ಆಮೇಲೆ ಚಾಳ ಒಮ್ಮೆಗೇ ಕೆಂಪೇರತೊಡಗಿತು.

ಕಟಗೇರಿ ಪರದೆಯ ಮೇಲೆ ಬಗ್ಗಿದರು. “ಇದೇನ್ರಿ ಮೇಡಂ, ಯಾವ ಅಭ್ಯರ್ಥಿ ಇದು? ನೋಟಾ?”

“ಮತಪತ್ರದಾಗ ಐತಲ್ಲ ಸರ್.”

ಅಷ್ಟರಲ್ಲಿ ಬಲೆ ಆದೇಶ ಹೊರಡಿಸಿತು: ಒಂದು ಶಿಬಿರ ತಕ್ಷಣ ಗಿರಣಿ ಚಾಳಕ್ಕೆ. ಕಟಗೇರಿ ಅದನ್ನು ಓದಿ ಗಾಡಿಗಳಿಗೆ ತಾವೇ ಫೋನು ಮಾಡಿದರು. ಯಂತ್ರ ಹೇಳಿದ್ದನ್ನು ಮಾಡಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಕಸ್ತೂರಿ ಮೆಟ್ಟಿಲಿಳಿಯುತ್ತಿದ್ದಾಗ ಕಟಗೇರಿ ಹಿಂದಿನಿಂದ ಕೂಗಿ ಹೇಳಿದರು: “ಹೊಂಡದ ಓಣಿಯಿಂದ ತಗದು ಕಳಸಾಕತ್ತೇವಿ. ಅಲ್ಲೂ ಇನ್ನಾ ಪೂರಾ ಇಳದಿಲ್ಲ.”

ಅವಳು ಮೆಟ್ಟಿಲ ನಡುವೆಯೇ ನಿಂತುಬಿಟ್ಟಳು. ಆರು ಶಿಬಿರ ಆರೇ. ಒಂದು ಕಡೆ ಬಂತೆಂದರೆ ಇನ್ನೊಂದು ಕಡೆಯಿಂದ ಹೋಯಿತು. ಇದನ್ನು ಅವಳು ಮೊದಲೇ ಯೋಚಿಸಿದ್ದಳೇ? ಯೋಚಿಸಿದ್ದಳು. ತುಂಗಾಳ ಹೆಸರಿನಲ್ಲಿ ಆ ಯೋಚನೆಯನ್ನು ಬದಿಗೆ ತಳ್ಳಿದ್ದಳು.

ಸಂಜೆಯ ಬಿಸಿಲು ಇಳಿಯುವ ಮೊದಲೇ ಡೇರೆ ಎದ್ದು ನಿಂತಿತು. ತುಂಗಾ ಮೊದಲ ಮಂಚದ ಮೇಲಿದ್ದಳು. ಸೂಜಿ ಚುಚ್ಚಿದಾಗ ಅವಳು ಅಳಲೂ ಇಲ್ಲ. ಎರಡನೇ ಬಾಟಲಿ ಅರ್ಧವಾದಾಗ ಮಾತ್ರ ಕಣ್ಣು ಬಿಟ್ಟು ನೀರು ಕೇಳಿದಳು. ಶಿವಗಂಗಾ ತಂಗಿಯ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟಳು. ರಿಹಾನನ ನಾಡಿ ಮತ್ತೆ ಸಿಗುತ್ತಿದೆ ಎಂದು ದಸ್ತಗೀರ ಆಸ್ಪತ್ರೆಯಿಂದ ಫೋನು ಮಾಡಿದ.

ಶಿವಗಂಗಾಳ ಮೊಬೈಲು ಆ ಹೊತ್ತಿಗೆ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಗುಂಪಿನಲ್ಲಿ ಚಾಳದವರು ಈಗ ಎಲ್ಲೋ ಮೂಲೆಯಲ್ಲಿದ್ದರು. ಊರಿನ ಎಲ್ಲ ದಿಕ್ಕಿನಿಂದ ಸಾವಿರಾರು ಜನ ಸೇರಿದ್ದರು. ಗುಟ್ಟು ಆಟೋ ಹತ್ತಿ ಊರೆಲ್ಲ ಸುತ್ತಿತ್ತು. ಶಿವಗಂಗಾ ಓದುತ್ತ ಹೋದಳು. ಅಕ್ಕಾರ, ನಮ್ಮ ಓಣಿಗೂ ಒಂದು ಡೇರೆ ಕೊಡಸ್ರಿ. ಅಕ್ಕಾರ, ನೀವು ಹೇಳಿದವರಿಗೇ ಓಟು ಹಾಕ್ತೀವಿ. ಅಕ್ಕಾರ, ನಿಮ್ಮ ಫೋಟೋ ಕಳಸ್ರಿ, ಸ್ಟೇಟಸ್ ಇಡ್ತೀವಿ.

“ಏನ್ ಇದು ಕಸ್ತೂರಿ? ನಾ ಯಲಿಗಾರ ಆದ್ನೇನ?” ಎಂದು ಅವಳು ಗಾಬರಿಯಿಂದ ಕೇಳಿದಳು.

ಆಮೇಲೆ ಒಂದು ಸಂದೇಶದ ಮೇಲೆ ಅವಳ ಬೆರಳು ನಿಂತಿತು. ನಿಧಾನವಾಗಿ ಬಾಯಿಬಿಟ್ಟು ಓದಿದಳು: “ಹೊಂಡದ ಓಣಿಯಿಂದ. ನನ್ನ ಮಗನಿಗೆ ಅರ್ಧ ಬಾಟಲಿ ಏರಿತ್ತು. ಡೇರೆ ಕಿತ್ತು ನಿಮ್ಮಲ್ಲಿಗೆ ಹೋದರು. ಈಗ ಎಲ್ಲಿ ಹೋಗ್ಲಿ?”

ತುಂಗಾಳ ಬಾಟಲಿಯಿಂದ ಹನಿ ಬೀಳುತ್ತಿತ್ತು.

“ಇದು ನಿನಗ ಗೊತ್ತಿತ್ತೇನ?”

“ಗೊತ್ತಿತ್ತು,” ಎಂದಳು ಕಸ್ತೂರಿ.

ಶಿವಗಂಗಾ ಬೈಯಲಿಲ್ಲ. ಬೈದಿದ್ದರೆ ಕಸ್ತೂರಿಗೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕ ಡೇರೆಯ ಡಾಕ್ಟರನ್ನು ಕೇಳಿದಳು: “ಬ್ಯಾರೆ ಓಣಿಯವ್ರು ಇಲ್ಲಿಗೆ ಬಂದ್ರ ನೋಡ್ತೀರೇನ್ರಿ?” ಬಾಟಲಿಗಳಿವೆ, ಮಂಚಗಳಿಲ್ಲ ಎಂದರು ಡಾಕ್ಟರು. ಅವಳು ಮೊಬೈಲಿಗೆ ಬಾಯಿ ಹಚ್ಚಿ ಮಾತನ್ನು ಕಳಿಸಿದಳು: “ಹೊಂಡದ ಓಣಿಯವ್ರು ಎಲ್ಲಾರೂ ಗಿರಣಿ ಚಾಳಕ್ಕ ಬರ್ರಿ. ಆಟೋ ಕಳಸ್ತೀವಿ. ಮಂಚ ನಾವು ಕೊಡ್ತೀವಿ.”

ಚಾಳದ ಆಟೋಗಳು ಒಂದರ ಹಿಂದೊಂದು ಹೊರಟವು. ಮನೆಮನೆಯಿಂದ ಹೊರಸು, ಬೆಂಚು, ಹೊಲಿಗೆಯ ಮೇಜು ಬಯಲಿಗೆ ಬಂದವು. ಕಸ್ತೂರಿ ಬಯಲಿನ ಅಂಚಿಗೆ ಹೋಗಿ ಕಟಗೇರಿಗೆ ಫೋನು ಮಾಡಿದಳು.

“ಬಲೆ ನಿಲ್ಲಸ್ರಿ ಸರ್. ಈಗ ಅದು ಜ್ವರ ಓದಾಕತ್ತಿಲ್ಲ. ಯಾರು ಜೋರಾಗಿ ಕೂಗ್ತಾರೋ ಅದನ್ನ ಓದಾಕತ್ತೈತಿ. ನಾಳೆ ಎಲ್ಲಾ ಅಭ್ಯರ್ಥಿಗಳೂ ಕೂಗಸ್ತಾರ.”

“ಗುಟ್ಟು ಹ್ಯಾಂಗ ಹೊರಬಿತ್ತು ಅಂತ ಆಯೋಗದವರು ಕೇಳ್ತಾರ ಮೇಡಂ.”

“ನಾ ಹೇಳಿದೆ ಅಂತ ನಾನೇ ಬರದು ಕೊಡ್ತೀನಿ. ಒಂದೊಂದು ಡೇರೆ ಊರಿನ ಒಂದೊಂದು ದಿಕ್ಕಿಗೆ ಕಾಯಂ ಹಾಕ್ರಿ, ಎಲ್ಲಾರಿಗೂ ಬಾಗಿಲಾ ತಗೀರಿ. ಅದಕ್ಕ ಯಾವ ಕೋರ್ಟೂ ಬ್ಯಾಡ ಅನ್ನಾಂಗಿಲ್ಲ.”

ಕಟಗೇರಿಯವರ ಉತ್ತರಕ್ಕೆ ಫೋನು ಕಿವಿಗಿಟ್ಟುಕೊಂಡೇ ಕಸ್ತೂರಿ ಕಾಯುತ್ತ ನಿಂತಳು.

ಮೊದಲ ಆಟೋ ಬಂತು. ಮಗನನ್ನು ಹೆಗಲ ಮೇಲೆ ಹಾಕಿಕೊಂಡ ಹೆಂಗಸೊಬ್ಬಳು ಇಳಿದಳು. ಡೇರೆಯೊಳಗೆ ಬಂದು ಸುತ್ತ ನೋಡಿದಳು. ಒಳಗಿನ ಎಲ್ಲ ಮಂಚಗಳೂ ತುಂಬಿದ್ದವು, ಹೊರಗೆ ಹೊರಸುಗಳನ್ನು ಇನ್ನೂ ಜೋಡಿಸುತ್ತಿದ್ದರು. ಅವಳು ಕೇಳಿದಳು:

“ಡೇರೆ ಕೊಡಸೋ ಅಕ್ಕಾರು ಯಾರ್ರಿ ಇಲ್ಲೆ?”

ಶಿವಗಂಗಾ ಸಲೈನಿನ ನಳಿಕೆ ಎಳೆಯದ ಹಾಗೆ ಎಚ್ಚರದಿಂದ ತುಂಗಾಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು, ಕೆಳಗೆ ನೆಲದ ಮೇಲೆ ಕೂತಳು.

“ಹಂಗ ಕೊಡಸೋವರು ಯಾರೂ ಇಲ್ಲವ್ವಾ. ಬಾ, ಮಂಚ ಖಾಲಿ ಐತಿ. ಇಲ್ಲಿ ಮಲಗಸು.”